ರಿಸರ್ವ್ ಆಯಿತು, ಮನೆ ಇನ್ನೂ ಆಗಿಲ್ಲ

ಇಂಗ್ಲೆಂಡಿನಲ್ಲಿ ಹೊಸ ಮನೆ ರಿಸರ್ವ್ ಮಾಡಿದೆವೆಂದು ಊರಿಗೆ ಫೋನು ಮಾಡಿದರೆ, ಗೃಹಪ್ರವೇಶ ಯಾವಾಗ ಎಂದು ಅಮ್ಮ ಕೇಳುತ್ತಾರೆ. ಮನೆ ಇನ್ನೂ ನಮ್ಮದಲ್ಲವೆಂದು ಅವರಿಗೂ ಹೇಳಬೇಕು, ನಮಗೆ ನಾವೂ ಹೇಳಿಕೊಳ್ಳಬೇಕು. ಐನೂರೋ ಸಾವಿರವೋ ಪೌಂಡು ಕಟ್ಟಿದ್ದಕ್ಕೆ ಆ ಪ್ಲಾಟನ್ನು ಕೆಲವು ವಾರ ಅದೇ ಬೆಲೆಗೆ ನಮಗಾಗಿ ಇಟ್ಟಿರುತ್ತಾರೆ, ಅಷ್ಟೆ. ಎರಡೂ ಕಡೆಯ ಸಹಿಯಾದ ಕರಾರುಪತ್ರಗಳು ಎಕ್ಸ್‌ಚೇಂಜ್ ಆಗಿ, ಸಾಮಾನ್ಯವಾಗಿ ಶೇಕಡಾ 10ರಷ್ಟು ಡಿಪಾಸಿಟ್ ಸಂದಾಯವಾಗುವ ತನಕ ಕೊಳ್ಳಲೇಬೇಕು, ಮಾರಲೇಬೇಕು ಎಂಬ ಕಟ್ಟು ಯಾರಿಗೂ ಇಲ್ಲ.

ಬಹಳಷ್ಟು ಬಿಲ್ಡರುಗಳು ಎಕ್ಸ್‌ಚೇಂಜ್‌ಗೆ ಕೊಡುವುದು 28 ದಿನ. ನಮ್ಮವರು ಒದ್ದಾಡುವುದು ಇಲ್ಲೇ. ಡಿಪಾಸಿಟ್ಟಿನ ಒಂದು ಪಾಲು ಊರಿನಿಂದ ಬರಬೇಕಿರುತ್ತದೆ: ಅಪ್ಪನ ಉಳಿತಾಯ, ಇಲ್ಲವೇ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಾರಿದ ಸೈಟಿನ ದುಡ್ಡು. ನಮ್ಮ ಪರ ಖರೀದಿ ನಡೆಸುವ ಸಾಲಿಸಿಟರ್ ಆ ಹಣದ ಮೂಲ ಕೇಳುತ್ತಾರೆ. ಬ್ಯಾಂಕ್ ಸ್ಟೇಟ್‌ಮೆಂಟ್, ಕ್ರಯಪತ್ರ, ಈ ಮನೆಯಲ್ಲಿ ನಮಗೆ ಪಾಲು ಬೇಡವೆಂದು ಅಪ್ಪ ಅಮ್ಮ ಬರೆದುಕೊಡುವ ಪತ್ರ, ಎಲ್ಲವೂ ಬೇಕು. ಕ್ರಯಪತ್ರ ಕನ್ನಡದಲ್ಲಿದ್ದರೆ ಅನುವಾದವೂ ಬೇಕಾದೀತು. ದುಡ್ಡು ಊರಿನ ಬ್ಯಾಂಕಿನಲ್ಲಿ ನಮ್ಮ ಎನ್‌ಆರ್‌ಒ (ಅನಿವಾಸಿ) ಖಾತೆಯಲ್ಲಿದ್ದರೆ ಅದನ್ನು ಇಲ್ಲಿಗೆ ಕಳಿಸಲು ಸಾಮಾನ್ಯವಾಗಿ ಅಲ್ಲಿನ ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರವಾಗಬೇಕು. ಇಷ್ಟಕ್ಕೆಲ್ಲ ನಾಲ್ಕು ವಾರ ಯಾವ ಮೂಲೆಗೆ?

ಈ ನಡುವೆ ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕರು ಬಿಲ್ಡರ್ ಹೇಳಿದ್ದಕ್ಕಿಂತ ಕಡಿಮೆ ಬೆಲೆ ಕಟ್ಟಿದರೆ, ಆ ಅಂತರ ನಮ್ಮ ಕೈಯಿಂದಲೇ ಹೋಗಬೇಕಾದೀತು. ವ್ಯವಹಾರ ಮುರಿದರೂ ಸಾಲಿಸಿಟರ್ ಮಾಡಿದ ಕೆಲಸದ, ಆಸ್ತಿಯ ಬಗೆಗಿನ ಸರ್ಚ್‌ಗಳ ಖರ್ಚು ಹಿಂದಕ್ಕೆ ಬರುವುದು ಅಪರೂಪ. ನ್ಯೂ ಹೋಮ್ಸ್ ಕ್ವಾಲಿಟಿ ಕೋಡ್‌ಗೆ ಒಳಪಟ್ಟ ಬಿಲ್ಡರಾದರೆ, 14 ದಿನದೊಳಗೆ ಬೇಡವೆಂದರೆ ರಿಸರ್ವೇಶನ್ ಹಣ ಪೂರ್ತಿ ವಾಪಸು. ಆಮೇಲಾದರೆ ಖರ್ಚು ಮುರಿದುಕೊಂಡು ಉಳಿದದ್ದು. ಬಿಲ್ಡರುಗಳು ತಾವು ಹೇಳಿದ ಸಾಲಿಸಿಟರನ್ನೇ ಹಿಡಿಯಿರೆಂದು ಕಡ್ಡಾಯ ಮಾಡುವಂತಿಲ್ಲ ಎನ್ನುತ್ತದೆ ಅದೇ ಕೋಡ್. ಬಿಲ್ಡರಿಗೆ ಹಂಗಿಲ್ಲದವರನ್ನು ಹುಡುಕಿಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ.

ರಿಸರ್ವೇಶನ್ ಮೊತ್ತ ಹೋದರೆ ತಡೆದುಕೊಳ್ಳಬಹುದು. ಆದರೆ ರಿಸರ್ವೇಶನ್ನನ್ನೇ ನಂಬಿ ಬಾಡಿಗೆ ಮನೆಗೆ ನೋಟಿಸು ಕೊಟ್ಟಿರುತ್ತೇವೆ, ಮಕ್ಕಳ ಶಾಲೆ ಬಿಡಿಸಿರುತ್ತೇವೆ. ಅತ್ತ ಅಪ್ಪ ಆತುರದಲ್ಲಿ ಸಿಕ್ಕಷ್ಟಕ್ಕೆ ಸೈಟು ಮಾರಿರುತ್ತಾರೆ. ನನಗೆ ಭಯವಾಗುವುದು ಇವಕ್ಕೆ. ಹಾಗಾಗಿ ಸೇಲ್ಸ್ ಆಫೀಸಿನಲ್ಲಿ ಕಾರ್ಡು ತೆಗೆಯುವ ಮೊದಲೇ ಊರಿನ ಕಾಗದಪತ್ರಗಳನ್ನು ತರಿಸಿಟ್ಟುಕೊಳ್ಳಿ. ಹಣ ಹೊರದೇಶದಿಂದ ಬರಬೇಕಿದೆ ಎಂದು ಹೇಳಿ ಎಕ್ಸ್‌ಚೇಂಜ್‌ಗೆ ಹೆಚ್ಚು ದಿನ ಕೇಳಿ. ಒಪ್ಪಿದರೆ ಅದನ್ನು ರಿಸರ್ವೇಶನ್ ಪತ್ರದಲ್ಲೇ ಬರೆಸಿಕೊಳ್ಳಿ.