ಅರ್ತಿಂಗ್ ತಂತಿ ಮತ್ತು ಫಲದ ಪ್ರಶ್ನೆ

ಆಯುಧಪೂಜೆಯ ದಿನ ಕಾರ್ಖಾನೆಯ ಮೋಟಾರಿಗೂ ಅದರ ವೇಗವನ್ನು ಹಿಡಿತದಲ್ಲಿಡುವ ಡ್ರೈವ್ ಪ್ಯಾನೆಲ್ಲಿಗೂ ಕುಂಕುಮವಿಟ್ಟು, ಹೂವು ಮುಡಿಸಿ, ಬೂದುಗುಂಬಳ ಒಡೆಯುತ್ತಾರೆ. ಪ್ಯಾನೆಲ್ಲಿನೊಳಗಿನ ಹಸಿರು-ಹಳದಿ ಅರ್ತಿಂಗ್ ತಂತಿಯ ಕಡೆ ಯಾರ ಗಮನವೂ ಹೋಗುವುದಿಲ್ಲ. ಫೇಸ್ ತಂತಿ ಕಳಚಿದರೆ ಮೋಟಾರು ನರಳಿ ನಿಲ್ಲುತ್ತದೆ. ಅರ್ತಿಂಗ್ ತಂತಿಯನ್ನು ಕಟ್ಟದೆಯೇ ಬಿಟ್ಟರೂ ಅದು ನಿನ್ನೆಯಂತೆಯೇ ತಿರುಗುತ್ತದೆ. ಮಾಡಿದ ಕೆಲಸವೂ ಮಾಡದೆ ಬಿಟ್ಟ ಕೆಲಸವೂ ಹೊರಗಿನಿಂದ ಒಂದೇ ಥರ ಕಾಣುವ ಇಂಥ ಕಡೆಯಲ್ಲೇ ಗೀತೆಯ ನಿಷ್ಕಾಮ ಕರ್ಮವನ್ನು ಒರೆಗೆ ಹಚ್ಚಬೇಕು ಎಂದು ನನಗನಿಸುತ್ತದೆ.

ಆ ತತ್ತ್ವದ ಬಳಕೆಯ ಅರ್ಥ ನಮಗೆಲ್ಲ ಗೊತ್ತು: ಮಾಡುವುದಷ್ಟೇ ನಮ್ಮದು, ಮಿಕ್ಕಿದ್ದು ಮೇಲಿನವನಿಗೆ ಬಿಟ್ಟಿದ್ದು. ಅರ್ತಿಂಗ್ ಬಗ್ಗೆ ಇರುವ ನಂಬಿಕೆಯೂ ಇದೇ ಜಾತಿಯದು. ನೆಲದಲ್ಲಿ ಒಂದು ಸರಳು ಹೂತರೆ ಆಯಿತು, ಭೂಮಿತಾಯಿ ಎಲ್ಲವನ್ನೂ ನುಂಗಿಕೊಳ್ಳುತ್ತಾಳೆ. ಲೆಕ್ಕ ಹಾಕಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಸರಳಿನ ತಡೆ 5 ಓಮ್, ವೋಲ್ಟೇಜು 230 ಎಂದಿಟ್ಟುಕೊಂಡರೆ, ಫೇಸ್ ತಂತಿ ಮೋಟಾರಿನ ಮೈಗೆ ತಗುಲಿದಾಗ ನೆಲಕ್ಕೆ ಹರಿಯುವುದು ಹೆಚ್ಚೆಂದರೆ 46 ಆಂಪಿಯರ್. 63 ಆಂಪಿಯರ್ ಫ್ಯೂಸು ಅದಕ್ಕೆ ಹಾರುವುದಿಲ್ಲ, ಮೋಟಾರಿನ ಮೈಯಲ್ಲಿ ಕರೆಂಟು ಹಾಗೆಯೇ ಉಳಿಯುತ್ತದೆ. ವಿದ್ಯುತ್ತಿಗೆ ಬೇಕಿರುವುದು ಮಣ್ಣಲ್ಲ, ತಾನು ಹೊರಟ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ಲಿಗೆ ಮರಳುವ ಲೋಹದ ದಾರಿ. ಡ್ರೈವಿನ ವಿಷಯದಲ್ಲಿ ಇದು ಇನ್ನೂ ಕಠಿಣ. ಸೆಕೆಂಡಿಗೆ ಸಾವಿರಾರು ಬಾರಿ ಅದು ವೋಲ್ಟೇಜನ್ನು ಕತ್ತರಿಸುವುದರಿಂದ, ಯಾವ ದೋಷವೂ ಇಲ್ಲದಾಗಲೂ ಫಿಲ್ಟರಿನ ಕೆಪಾಸಿಟರುಗಳ ಮೂಲಕ, ಕೇಬಲ್ಲಿನ ಶೀಲ್ಡಿನ ಮೂಲಕ ಸೋರಿಕೆ ಹರಿಯುತ್ತಲೇ ಇರುತ್ತದೆ. ಅದು 3.5 ಮಿಲಿಆಂಪಿಯರ್ ದಾಟುವ ಕಡೆ ಕನಿಷ್ಠ 10 ಚದರ ಮಿಲಿಮೀಟರಿನ ತಾಮ್ರದ ತಂತಿಯೋ ಎರಡನೆಯ ಅರ್ತಿಂಗ್ ತಂತಿಯೋ ಇರಲಿ ಎಂದು ಐಇಸಿ 61800-5-1 ಎಂಬ ಸುರಕ್ಷತಾ ಮಾನದಂಡ ಹೇಳುವುದು ಇದಕ್ಕೇ. ಇರುವ ಒಂದೇ ತಂತಿ ಕಡಿದರೆ, ಆರೋಗ್ಯವಾಗಿರುವ ಡ್ರೈವೇ ಮುಟ್ಟಿದವನಿಗೆ ಶಾಕ್ ಕೊಡಬಲ್ಲದು. ಮೇಲಿನವನಿಗೆ ಬಿಡಬಹುದಾದ 'ಮಿಕ್ಕಿದ್ದು' ಇಲ್ಲಿ ಏನೂ ಇಲ್ಲ.

ಹಾಗಾದರೆ ಪರಿಣಾಮದ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದೇ ಫಲಾಪೇಕ್ಷೆಯಲ್ಲವೆ? ಅಲ್ಲ. ಮಾಡಿದವನ ಕೈಗೆ ಬರುವ ಫಲ ಬೇರೆ, ಇನ್ನೊಬ್ಬನ ಮೈಮೇಲೆ ಬರುವ ಪರಿಣಾಮ ಬೇರೆ. ಮೋಟಾರು ತಿರುಗಿದ್ದು, ಬಿಲ್ಲು ಪಾಸಾದದ್ದು ಮೊದಲನೆಯದು. ಅದಕ್ಕೆ ಅಂಟಿಕೊಂಡವನು ಟ್ರಯಲ್ ಮುಗಿದ ತಕ್ಷಣ ಟೂಲ್ ಬ್ಯಾಗ್ ಕಟ್ಟುತ್ತಾನೆ. ಎರಡನೆಯದನ್ನು ಗೀತೆ ಬಿಡು ಎನ್ನುವುದಿಲ್ಲ, ಮೂರನೆಯ ಅಧ್ಯಾಯದಲ್ಲಿ ಲೋಕಸಂಗ್ರಹವೆಂದು ಕರೆದು ಹೆಗಲಿಗೆ ಹೊರಿಸುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಇನ್‌ಸ್ಪೆಕ್ಟರಿಗೆ ಹೆದರಿ ಕಟ್ಟಿದ ತಂತಿಯೂ ಜೀವ ಉಳಿಸುತ್ತದೆ. ತಾಮ್ರಕ್ಕೆ ಮನಸ್ಸಿನ ಶುದ್ಧಿ ಯಾಕೆ ಬೇಕು? ಒಪ್ಪತಕ್ಕ ಮಾತೇ. ನಿಯಮಗಳು ಹುಟ್ಟಿದ್ದೇ ಎಲ್ಲರ ಮನಸ್ಸನ್ನೂ ನಂಬಲಾಗದೆ. ಆದರೆ ಪರೀಕ್ಷೆಗೂ ಒಂದು ಗಡಿಯಿದೆ. ಶೀಲ್ಡನ್ನು ಸುತ್ತಲೂ ಲೋಹದ ಕ್ಲಾಂಪಿನಿಂದ ಬಿಗಿಯುವ ಬದಲು ಬಾಲದಂತೆ ತಿರುಚಿ ಬೋಲ್ಟಿಗೆ ಸಿಕ್ಕಿಸಿದರೂ, ಪ್ಲೇಟಿನ ಪೇಂಟು ಕೆರೆಯದೆ ವಾಷರ್ ಕೂರಿಸಿದರೂ ಮಲ್ಟಿಮೀಟರು 'ಸರಿಯಿದೆ' ಎಂದೇ ಬೀಪ್ ಕೊಡಬಹುದು. ಡ್ರೈವ್ ಹುಟ್ಟಿಸುವ ಮೇಲಿನ ಆವರ್ತನಗಳಿಗೆ ಆ ದಾರಿ ಮುಚ್ಚಿದಂತೆಯೇ. ಆಗ ಕರೆಂಟು ಶಾಫ್ಟ್ ಹಿಡಿದು ಬೇರಿಂಗಿನೊಳಗೆ ಕಿಡಿಯಾಡುತ್ತ ಅದರ ಓಟದ ದಾರಿಯಲ್ಲಿ ಸಣ್ಣ ಗುಳಿಗಳನ್ನು ಕೊರೆಯುತ್ತದೆ. ತಿಂಗಳುಗಳ ಮೇಲೆ ಬೇರಿಂಗ್ ಸದ್ದು ಮಾಡಿದಾಗ ಬೈಗುಳ ಬೀಳುವುದು ಗ್ರೀಸ್ ಹಾಕುವವನಿಗೆ.