ಓಡದ ವಾಹನ, ತೀರದ ಮಮತೆ

ವಿರಳ ಸ್ಪೋರ್ಟ್ಸ್ ಕಾರುಗಳ ಪೇಟೆಯಲ್ಲಿ ಕಡಿಮೆ ಓಡಿದ ವಾಹನಕ್ಕೇ ಹೆಚ್ಚು ಬೆಲೆ. 1987ರಲ್ಲಿ ಹೊರಬಂದ, ಗಂಟೆಗೆ 320 ಕಿಲೋಮೀಟರು ಮೀರಿ ಓಡಬಲ್ಲ ಫೆರಾರಿ ಎಫ್40ನ್ನೂ ಓಡಿಸದೆ ಮುಚ್ಚಿಡುವವರುಂಟು. ಇದು ಸಂಯಮವೇ? ಬೆಲೆಯೇರಲೆಂದು ಉಪಭೋಗವನ್ನು ತೊರೆಯುವುದು ಪಾರಣೆಯ ಭಕ್ಷ್ಯವನ್ನೇ ಧ್ಯಾನಿಸುವ ಉಪವಾಸದಂತೆ. ಬಿಟ್ಟದ್ದು ಓಟವನ್ನು, ಲೋಭವನ್ನಲ್ಲ. ಉಮಾಸ್ವಾಮಿಗಳು ಮೂರ್ಛೆಯನ್ನೇ ಪರಿಗ್ರಹವೆಂದರು.

ಓಡಿಸುವವನ ಸುಖವೂ ನಿರ್ದೋಷವಲ್ಲ. ಆದರೆ ಅದಕ್ಕೆ ಇಳಿಯುವ ಹೊತ್ತೊಂದಿದೆ, ಬೆಲೆಯ ಆಸೆಗೆ ಅದಿಲ್ಲ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳು 2023ರಲ್ಲಿ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಸರ್ವರ ನೋಟಕ್ಕೆ ತೆರೆದುಕೊಂಡವು; ಸಂಗ್ರಹಕ್ಕೆ ಮಾರಾಟವೊಂದೇ ಗತಿಯಲ್ಲ.

ಆದುದರಿಂದ ಶ್ರಾವಕನು ಮೊದಲು ಪರಿಗ್ರಹ ಪರಿಮಾಣವನ್ನು ಗೊತ್ತುಮಾಡಿಕೊಳ್ಳಲಿ. ಮಿತಿಯೊಳಗಿನದನ್ನು ಎಚ್ಚರದಿಂದ ಬಳಸಲಿ. ಮಿತಿ ಮೀರಿದುದನ್ನು ಬೆಲೆ ಏರಲೆಂದು ಕಾಯದೆ ಬಿಡಲಿ.