ಒಂದೇ ತಕ್ಕಡಿ ಸಾಲದು

ಆರ್ಕ್‌ಟಿಕ್‌ನ ಹಿಮಕರಡಿ ದೊಡ್ಡದೋ, ಸಮುದ್ರದ ನೀಲಿ ಉಂಗುರದ ಆಕ್ಟೋಪಸ್ ದೊಡ್ಡದೋ? ಇದು ಮಕ್ಕಳು ಕೇಳುವ ಪ್ರಶ್ನೆ. ಉತ್ತರ ಸುಲಭವೆಂದೇ ತೋರುತ್ತದೆ. ಬಲಿತ ಗಂಡು ಹಿಮಕರಡಿ 350ರಿಂದ 700 ಕಿಲೋ ತೂಗುತ್ತದೆ. ಆ ಆಕ್ಟೋಪಸ್ಸೋ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು.

ಆದರೆ ತಕ್ಕಡಿಯನ್ನು ಬದಲಾಯಿಸಿ ನೋಡಿ. ಆ ಪುಟ್ಟ ಜೀವಿಯ ಒಂದು ಕಡಿತ ಮನುಷ್ಯನ ಉಸಿರಾಟವನ್ನೇ ನಿಲ್ಲಿಸಬಲ್ಲದು, ಅದಕ್ಕೆ ಪ್ರತಿವಿಷವಿಲ್ಲ. ಆದರೂ ಅದು ಸುಮ್ಮನೆ ಕಡಿಯದು. ಕೆಣಕಿದಾಗ ಮೈಮೇಲಿನ ನೀಲಿ ಉಂಗುರಗಳನ್ನು ಹೊಳೆಯಿಸಿ ಎಚ್ಚರಿಸುತ್ತದೆ. ಹಾಗಾದರೆ ಆಕ್ಟೋಪಸ್ಸೇ ದೊಡ್ಡದೇ? ಅದನ್ನು ಮಂಜುಗಡ್ಡೆಯ ಮೇಲಿಟ್ಟರೆ ಬದುಕಲಾರದು. ಕರಡಿ ಅಲ್ಲಿಯೇ ಮನೆ ಮಾಡಿಕೊಂಡಿದೆ.

ಅಷ್ಟು ದೂರವೇಕೆ? ಬಾಣಾವರದ ನಮಗೆ ಕರಡಿ ಹೊಸತಲ್ಲ. ನಮ್ಮ ಅರಸೀಕೆರೆ ತಾಲೂಕಿನ ಕಲ್ಲುಗುಡ್ಡಗಳಲ್ಲೂ ಕರಡಿಗಳಿವೆ. ಈ ಕರಡಿಯ ಮೇಲ್ದವಡೆಯಲ್ಲಿ ನಡುವಿನ ಎರಡು ಮುಂಬಲ್ಲುಗಳಿಲ್ಲ. ಕಂಡವರು ಅದನ್ನು ಊನವೆಂದಾರು. ಆದರೆ ಆ ಸಂದಿಯಿಂದಲೇ ಅದು ಹುತ್ತದ ಗೆದ್ದಲನ್ನು ಹೀರಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ನಾವು ಕೊರತೆಯೆಂದುಕೊಂಡದ್ದು ಸೃಷ್ಟಿಕರ್ತನು ಅದಕ್ಕೆ ತೆರೆದಿಟ್ಟ ಅನ್ನದ ಬಾಗಿಲು.

ಪ್ರಾಣಿಗಳ ವಿಷಯದಲ್ಲಿ ಈ ಮಾತಿಗೆ ತಲೆದೂಗುವ ನಾವು ಮನೆಯಲ್ಲಿ ಮಾಡುವುದೇನು? ಪರೀಕ್ಷೆಯ ಫಲಿತಾಂಶ ಬಂದ ದಿನ ನಾನೂ ಕಿರಿಯ ಮಗನಿಗೆ, “ನಿನ್ನ ಭಾಯಿಯನ್ನು ನೋಡಿ ಕಲಿ” ಎಂದುಬಿಟ್ಟೆ. ಅವನು ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಕಾಯಿಲೆಯಿಂದ ಮಲಗಿದ್ದ ದಾದಿಯ ಪಕ್ಕದಲ್ಲಿ ರಾತ್ರಿಯಿಡೀ ಕೂತು, ಕೇಳಿದಾಗಲೆಲ್ಲ ನೀರು ಕೊಟ್ಟವನು ಅವನೇ. ಅಂಕಪಟ್ಟಿಯಲ್ಲಿ ಅದಕ್ಕೊಂದು ಕಾಲಮ್ಮಿರಲಿಲ್ಲ. ನನ್ನ ತಕ್ಕಡಿಯಲ್ಲೂ ಇರಲಿಲ್ಲ.

‘ಹಾಗಾದರೆ ಮಕ್ಕಳ ಸೋಮಾರಿತನವನ್ನು ತಿದ್ದಬಾರದೇ?’ ಎಂದು ನೀವು ಕೇಳಬಹುದು. ಖಂಡಿತ ತಿದ್ದಬೇಕು. ಆದರೆ ಅವನನ್ನು ಅವನ ನಿನ್ನೆಯೊಂದಿಗೆ, ಅವನ ಶಕ್ತಿಯೊಂದಿಗೆ, ಅವನ ಹೊಣೆಯೊಂದಿಗೆ ಅಳೆಯಿರಿ. ಅಣ್ಣನೊಂದಿಗೆ ಅಳೆದರೆ ತಮ್ಮನಲ್ಲಿ ಕೀಳರಿಮೆಯೂ ಅಣ್ಣನಲ್ಲಿ ಅಹಂಕಾರವೂ ಬೆಳೆಯುತ್ತದೆ. ಇಬ್ಬರಿಗೂ ಅನ್ಯಾಯವಾಗುತ್ತದೆ.

ಹೋಲಿಕೆಯೇ ತಪ್ಪೆಂದಲ್ಲ. ಅರಿಯಲು ಹೋಲಿಸಿದರೆ ಅದು ಜ್ಞಾನ, ಹೀಗಳೆಯಲು ಹೋಲಿಸಿದರೆ ಅದು ಅನ್ಯಾಯ. ತಾಯಿ ಹಿಮಕರಡಿ ಹಿಮದ ಗುಹೆಯಲ್ಲಿ ತಿಂಗಳುಗಟ್ಟಲೆ ಏನನ್ನೂ ತಿನ್ನದೆ ಮರಿಗಳಿಗೆ ಹಾಲೂಡಿಸುತ್ತದೆ. ತಾಯಿ ಆಕ್ಟೋಪಸ್ ಮೊಟ್ಟೆಗಳನ್ನು ತೋಳುಗಳಲ್ಲಿ ಹೊತ್ತು, ಆಹಾರವನ್ನೇ ತೊರೆದು, ಮರಿಗಳು ಹೊರಬಂದ ಮೇಲೆ ಪ್ರಾಣ ಬಿಡುತ್ತದೆ. ಈ ಇಬ್ಬರು ತಾಯಂದಿರಲ್ಲಿ ಯಾರು ದೊಡ್ಡವರು, ಹೇಳಿ?

ಇಂದು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿ. ಯಾರಲ್ಲಿ ಏನಿಲ್ಲವೆಂದು ಹುಡುಕುವ ಮೊದಲು, ಯಾರಿಗೆ ಏನು ಕೊಡಲಾಗಿದೆಯೆಂದು ಹುಡುಕಿ. ನಾನು ಮಗನ ಕ್ಷಮೆ ಕೇಳಲು ಎರಡು ದಿನ ತಡಮಾಡಿದೆ. ನೀವು ತಡಮಾಡಬೇಡಿ.